ಹಂಬೋಲ್ಟ್‌ನ ಪ್ರವಾಸ ಕಥನದಿಂದ ನಿಸರ್ಗ ಅಧ್ಯಯನಕ್ಕೆ ನಿಜವಾಗಿ ಸಿಕ್ಕಿದ್ದೇನು?

ಮಾಟುಂಗದ ಓದುಗ

ಮಾಟುಂಗದ ನಮ್ಮ ಕನ್ನಡ ಓದುಗರ ಬಳಗದಲ್ಲಿ ಮುಂದಿನ ಸಲ ಜರ್ಮನಿಯ ನಿಸರ್ಗ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಬಗ್ಗೆ 40 ನಿಮಿಷ ಮಾತಾಡಬೇಕಿದೆ. ಎಲ್ಲಿ ಹುಡುಕಿದರೂ ಒಂದೇ ಮಾತು ಸಿಗುತ್ತದೆ: ದಕ್ಷಿಣ ಅಮೆರಿಕ ಸುತ್ತಿದ, ಬರೆದ, ಅದನ್ನು ಓದಿದ ಡಾರ್ವಿನ್‌ಗೆ ಹುರುಪು ಬಂತು. ಹುರುಪು ಬಂದಿದ್ದು ಸರಿ, ಆದರೆ ಒಂದು ಪ್ರವಾಸ ಕಥನ ಒಂದು ಶಾಸ್ತ್ರದ ದಾರಿಯನ್ನೇ ತಿರುಗಿಸಿದ್ದು ಯಾವ ಭಾಗದಿಂದ? ವರ್ಣನೆಯಿಂದಲೋ, ಅಳತೆಯಿಂದಲೋ, ಹೊತ್ತು ತಂದ ಗಿಡಗಳಿಂದಲೋ?

ಜೊತೆಗೆ ಇನ್ನೊಂದು ವಿಷಯ. ಮಳೆ ಹಿಂದೆ ಸರಿದ ಮೇಲೆ ಬಳಗದ ಕೆಲವರು ಪುಣೆ ಬಳಿಯ ಸಿಂಹಗಡ ಹತ್ತಿ, ಹಂಬೋಲ್ಟ್ ಮಾಡಿದಂತೆ ಯಾವ ಎತ್ತರದಲ್ಲಿ ಯಾವ ಗಿಡ ಎಂದು ಬರೆದಿಡಬೇಕು ಅಂದುಕೊಂಡಿದ್ದಾರೆ. ನಮ್ಮ ಸೀಮೆಯಲ್ಲಿ ತಿರುಗಾಡಿದ ಬುಕಾನನ್, ಸೈಕ್ಸ್ ಅವರ ಹಳೆಯ ಬರಹಗಳನ್ನು ಇಂದಿನ ಸ್ಥಿತಿಯ ಪಕ್ಕಕ್ಕಿಟ್ಟು ನೋಡಬಹುದೇ? ಎಲ್ಲಿ ಎಡವುತ್ತೇವೆ? ತಿಳಿದವರು ಬಿಡಿಸಿ ಹೇಳಿ.

ಹರ್ಬೇರಿಯಂ_ಪುಣೆ

ನೀವು ಕೇಳಿದ ಮೂರರಲ್ಲಿ ನಡುವಿನದು, ಅಳತೆ. ಇನ್ನೂ ಖಚಿತವಾಗಿ ಹೇಳಬೇಕೆಂದರೆ ಅಳತೆಯನ್ನು ಗಿಡಕ್ಕೆ ಕಟ್ಟಿದ್ದು.

ಗಿಡ ತಂದವರು ಮೊದಲೂ ಇದ್ದರು. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್‌ನ ಶಿಷ್ಯರು ಹಡಗು ಹತ್ತಿ ದೂರದ ದೇಶಗಳಿಂದ ಮೂಟೆಗಟ್ಟಲೆ ತಂದರು. ಅವರ ಪ್ರಶ್ನೆ ಮುಖ್ಯವಾಗಿ ‘ಇದು ಯಾವುದು’ ಎಂಬುದಾಗಿತ್ತು. 1799ರಿಂದ 1804ರವರೆಗೆ ಏಮೆ ಬೊನ್ಪ್ಲಾನ್ ಜೊತೆ ತಿರುಗಿದ ಹಂಬೋಲ್ಟ್ ಕೇಳಿದ್ದು ‘ಇದು ಇಲ್ಲೇ ಯಾಕೆ, ಇನ್ನೂ ಮೇಲಕ್ಕೆ ಯಾಕಿಲ್ಲ’ ಎಂದು. ಆ ಪ್ರಶ್ನೆಗೆ ಒಣಗಿಸಿದ ಗಿಡವೊಂದೇ ಸಾಲದು. ಅದು ಬೆಳೆದ ಎತ್ತರ, ಅಲ್ಲಿಯ ಬಿಸಿಲು, ಗಾಳಿಯ ತೇವ ಎಲ್ಲವೂ ಬೇಕು.

ಎತ್ತರಕ್ಕೆ ಇದ್ದ ಸಾಧನ ಪಾದರಸದ ವಾಯುಭಾರಮಾಪಕ. ಸಮುದ್ರ ಮಟ್ಟದಲ್ಲಿ 760 ಮಿ.ಮೀ. ನಿಲ್ಲುವ ಪಾದರಸ ಮೊದಲ ಕೆಲವು ನೂರು ಮೀಟರುಗಳಲ್ಲಿ ಪ್ರತಿ 11 ಮೀಟರಿಗೆ ಸುಮಾರು 1 ಮಿ.ಮೀ. ಇಳಿಯುತ್ತದೆ. ಮುಕ್ಕಾಲು ಮೀಟರಿಗೂ ಉದ್ದದ ಗಾಜಿನ ಕೊಳವೆಯನ್ನು ಆಂಡೀಸ್‌ನ ಹೇಸರಗತ್ತೆ ದಾರಿಯಲ್ಲಿ ಒಡೆಯದಂತೆ ಸಾಗಿಸುವುದೇ ಒಂದು ಸಾಹಸ. ಕೊಳವೆಯ ನೆತ್ತಿಗೆ ಒಂದು ಗುಳ್ಳೆ ಗಾಳಿ ಸೇರಿದರೂ ಪಾದರಸ ತಗ್ಗುತ್ತದೆ, ಬೆಟ್ಟ ಇರುವುದಕ್ಕಿಂತ ಎತ್ತರವಾಗಿ ಕಾಣುತ್ತದೆ. ಇನ್ನೊಂದು ದಾರಿ ನೀರು ಕುದಿಸುವುದು. ಸುಮಾರು 300 ಮೀಟರ್ ಏರಿದರೆ ಕುದಿಬಿಂದು 1 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಉಷ್ಣಮಾಪಕ ಕಾಲು ಡಿಗ್ರಿ ತಪ್ಪಿದರೂ ಎತ್ತರದಲ್ಲಿ 75 ಮೀಟರ್ ಹೋಯಿತು.

1802ರ ಜೂನ್ 23ರಂದು ಆಂಡೀಸ್ ಸಾಲಿನ ಚಿಂಬೊರಾಸೊ ಬೆಟ್ಟ ಹತ್ತಿದ್ದು ಎಲ್ಲರಿಗೂ ಗೊತ್ತು. 6,263 ಮೀಟರಿನ ಶಿಖರ ತಲುಪಲಾಗಲಿಲ್ಲ, ಸುಮಾರು 5,900 ಮೀಟರಿನ ಹತ್ತಿರ ನಿಂತರು. ಆ ಹತ್ತುವಿಕೆಗಿಂತ ದೊಡ್ಡದು 1807ರಲ್ಲಿ ಸಸ್ಯಭೂಗೋಳದ ಪ್ರಬಂಧದ ಜೊತೆ ಬಂದ ಚಿತ್ರ. ಬೆಟ್ಟವನ್ನು ಸೀಳಿ ತೋರಿಸಿ, ಸೀಳಿದ ಮೈಮೇಲೆ ಗಿಡಗಳ ಹೆಸರುಗಳನ್ನು ಅವು ಬೆಳೆಯುವ ಎತ್ತರದಲ್ಲೇ ಬರೆದು, ಎರಡು ಬದಿಗೂ ಉಷ್ಣತೆ, ತೇವ, ಆಕಾಶದ ನೀಲಿ, ಅಲ್ಲಿಯ ಬೆಳೆ ಎಂದು ಕಾಲಂಗಳನ್ನು ಹಾಕಿದ. ಒಂದೇ ಹಾಳೆಯಲ್ಲಿ ಕಣ್ಣು ಅಡ್ಡಕ್ಕೂ ಉದ್ದಕ್ಕೂ ಓಡುತ್ತದೆ. ಒಂದೇ ಉಷ್ಣತೆಯ ಜಾಗಗಳನ್ನು ಕೂಡಿಸುವ 1817ರ ಸಮತಾಪ ರೇಖೆಗಳು ಇದೇ ಯೋಚನೆಯನ್ನು ಭೂಮಿಯ ಮೇಲೆಲ್ಲ ಹರಡಿದವು. ನಿಮ್ಮ 40 ನಿಮಿಷದಲ್ಲಿ 15 ನಿಮಿಷ ಈ ಚಿತ್ರವೊಂದಕ್ಕೇ ಕೊಡಿ, ದೊಡ್ಡದಾಗಿ ಪರದೆಯ ಮೇಲೆ ತೋರಿಸಿ.

ಒಂದು ಎಚ್ಚರಿಕೆ. ಡಾರ್ವಿನ್ ಓದಿದ್ದು ಈ ಪ್ರಬಂಧಕ್ಕಿಂತ ಹೆಚ್ಚಾಗಿ ‘ಪರ್ಸನಲ್ ನ್ಯಾರೇಟಿವ್’ ಎಂಬ ಪ್ರವಾಸ ಕಥನವನ್ನು. ಹೆಲೆನ್ ಮರಿಯಾ ವಿಲಿಯಮ್ಸ್ ಮಾಡಿದ ಅದರ ಇಂಗ್ಲಿಷ್ ಅನುವಾದ 1814ರಿಂದ 1829ರವರೆಗೆ ಏಳು ಸಂಪುಟಗಳಲ್ಲಿ ಬಂತು. ಡಾರ್ವಿನ್ ಹತ್ತಿದ ಬೀಗಲ್ ಹಡಗು ಹೊರಡುವ ಮುನ್ನ 1831ರಲ್ಲಿ ಗುರು ಹೆನ್ಸ್ಲೊ ಅದನ್ನು ಉಡುಗೊರೆ ಕೊಟ್ಟ. ಆದರೆ ಆ ಕಥನ 1801ರ ಏಪ್ರಿಲ್‌ಗೆ ನಿಂತುಬಿಡುತ್ತದೆ, ಮುಂದಿನ ಸಂಪುಟ ಹೊರಬರಲೇ ಇಲ್ಲ. ಚಿಂಬೊರಾಸೊ ಅದರಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದರಲ್ಲಿರುವುದು ಟೆನೆರಿಫ್, ಕುಮಾನಾ, ಒರಿನೊಕೊ. ಡಾರ್ವಿನ್‌ಗೆ ಟೆನೆರಿಫ್ ನೋಡುವ ಆಸೆ ಹತ್ತಿದ್ದೂ ಅಲ್ಲಿಂದಲೇ.

ತಂದ ಗಿಡಗಳ ಮಾತೂ ಬರಲಿ. ಸುಮಾರು 60,000 ಮಾದರಿಗಳು. ಕಾಡಿನ ತೇವಕ್ಕೆ, ಹುಳಕ್ಕೆ ಬಹಳಷ್ಟು ಹಾಳಾದವು. ಅದಕ್ಕೇ ಒಂದೊಂದು ಗಿಡದ ಹಲವು ಪ್ರತಿ ಮಾಡಿ, ಸಂಗ್ರಹವನ್ನು ಭಾಗ ಮಾಡಿ ಬೇರೆ ಬೇರೆ ದಾರಿಯಲ್ಲಿ ಕಳಿಸಿದರು. ಒಂದು ಭಾಗ ಹಡಗಿನೊಂದಿಗೆ ಮುಳುಗಿತು, ಉಳಿದದ್ದು ಯುರೋಪ್ ಮುಟ್ಟಿತು.

ಡಾರ್ವಿನ್‌ಗೆ ಸರಪಳಿ ನಿಲ್ಲಿಸಬೇಡಿ. ಡಾರ್ವಿನ್‌ನ ಪ್ರವಾಸ ಕಥನ 1839ರಲ್ಲಿ ಹೊರಬರುವ ಮೊದಲೇ ಅದರ ಕರಡಚ್ಚನ್ನು ಓದಿದವನು ಸಸ್ಯಶಾಸ್ತ್ರಜ್ಞ ಜೋಸೆಫ್ ಹೂಕರ್. ಅವನು ಸಿಕ್ಕಿಂ ಸುತ್ತಿ 1854ರಲ್ಲಿ ಬರೆದ ‘ಹಿಮಾಲಯನ್ ಜರ್ನಲ್ಸ್’ ಡಾರ್ವಿನ್‌ಗೆ ಅರ್ಪಿತ. ಮುಂದೆ ಅದೇ ಹೂಕರ್ 1872ರಿಂದ 1897ರವರೆಗೆ ಏಳು ಸಂಪುಟಗಳಲ್ಲಿ ಬ್ರಿಟಿಷ್ ಇಂಡಿಯಾದ ಸಸ್ಯಕೋಶ ಹೊರತಂದ. ಸಹ್ಯಾದ್ರಿಯ ಗಿಡ ಗುರುತಿಸಲು ಇಂದೂ ಸಂಶೋಧಕರು ಅದನ್ನು ತೆರೆಯುತ್ತಾರೆ.

ಡೊಂಬಿವಲಿ ರೆಕ್ಕೆಪುಕ್ಕ

ಮೇಲಿನ ಉತ್ತರಕ್ಕೆ ಪ್ರಾಣಿಗಳ ಕಡೆಯಿಂದ ಸೇರಿಸುವುದಿದೆ. ಗಿಡದಲ್ಲಿ ಎತ್ತರ ಹೇಗೋ, ಹಕ್ಕಿ-ಕೀಟಗಳಲ್ಲಿ ದಡ ಹಾಗೆ. ಯಾವ ದ್ವೀಪ, ನದಿಯ ಯಾವ ಬದಿ ಎಂಬುದು ಮಾದರಿಗೆ ಕಟ್ಟುವ ಚೀಟಿಯಲ್ಲಿ ಇರಬೇಕು.

1835ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಗಲಾಪಗೋಸ್‌ನಲ್ಲಿ ಡಾರ್ವಿನ್ ಹಿಡಿದ ಮಾಕಿಂಗ್‌ಬರ್ಡ್‌ಗಳಿಗೆ ದ್ವೀಪದ ಹೆಸರಿತ್ತು. ಫಿಂಚ್‌ಗಳಿಗೆ ಬಹುಪಾಲು ಇರಲಿಲ್ಲ, ಬೇರೆ ಬೇರೆ ದ್ವೀಪಗಳ ಹಕ್ಕಿಗಳು ಕಲಸಿಹೋಗಿದ್ದವು. 1837ರ ಜನವರಿಯಲ್ಲಿ ಹಕ್ಕಿತಜ್ಞ ಜಾನ್ ಗೌಲ್ಡ್ ಅವೆಲ್ಲ ಒಂದೇ ಗುಂಪಿನ ಬೇರೆ ಬೇರೆ ಪ್ರಭೇದಗಳೆಂದು ಹೇಳಿದಾಗ ಡಾರ್ವಿನ್ ಕ್ಯಾಪ್ಟನ್ ಫಿಟ್ಸ್‌ರಾಯ್ ಮತ್ತು ಹಡಗಿನ ಇತರರ ಸಂಗ್ರಹದ ಚೀಟಿಗಳನ್ನು ನೋಡಿ ದ್ವೀಪಗಳನ್ನು ಹೊಂದಿಸಬೇಕಾಯಿತು. ಕಥನದ 1839ರ ಮುದ್ರಣವನ್ನೂ 1845ರ ಪರಿಷ್ಕೃತ ಮುದ್ರಣವನ್ನೂ ಪಕ್ಕಪಕ್ಕ ಇಟ್ಟು ಗಲಾಪಗೋಸ್ ಅಧ್ಯಾಯ ಓದಿ. ಕೊಕ್ಕುಗಳು ಹಂತಹಂತವಾಗಿ ಬದಲಾಗುವ ಮಾತು ಎರಡನೆಯದರಲ್ಲಿ ಬೆಳೆದು ನಿಂತಿದೆ. ಯಾವ ಮುದ್ರಣ ಎಂದು ಹೇಳದೆ ‘ಡಾರ್ವಿನ್ ಪ್ರವಾಸದಲ್ಲಿ ಹೀಗೆ ಬರೆದ’ ಎಂದರೆ 1845ರ ವಿಚಾರವನ್ನು 1835ಕ್ಕೆ ಹೊರಿಸಿದಂತೆ.

ಇಂಗ್ಲಿಷ್ ನಿಸರ್ಗ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೆಸ್ ಇದನ್ನು ಸಿದ್ಧಾಂತವಾಗಿಯೇ ಹಿಡಿದ. ಅವನೂ ಅವನ ಗೆಳೆಯ ಬೇಟ್ಸ್ ಕೂಡ 1848ರಲ್ಲಿ ಅಮೆಜಾನ್‌ಗೆ ಹೊರಟಿದ್ದು ವಿಲಿಯಂ ಎಡ್ವರ್ಡ್ಸ್‌ನ ಅಮೆಜಾನ್ ಪ್ರವಾಸ ಕಥನ ಓದಿ. 1852ರಲ್ಲಿ ಅಮೆಜಾನ್ ಕೋತಿಗಳ ಬಗ್ಗೆ ಮಂಡಿಸಿದ ಲೇಖನದಲ್ಲಿ ವಾಲೆಸ್‌ನ ದೂರು ಇದೇ: ವಸ್ತುಸಂಗ್ರಹಾಲಯಗಳ ಚೀಟಿಗಳಲ್ಲಿ ದೇಶದ ಹೆಸರೋ ನದಿಯ ಹೆಸರೋ ಇರುತ್ತದೆ, ನದಿಯ ಯಾವ ದಡ ಎಂಬುದು ಇರುವುದಿಲ್ಲ. ದೊಡ್ಡ ನದಿಗಳೇ ಕೋತಿ ಪ್ರಭೇದಗಳಿಗೆ ಗಡಿ ಎಂಬುದು ಅವನಿಗೆ ಕಂಡದ್ದು ದಡ ಗುರುತಿಸಿದ್ದರಿಂದ. ಅದೇ ವರ್ಷ ಮರಳುವಾಗ ಹಡಗಿಗೆ ಬೆಂಕಿ ಬಿದ್ದು ಅವನ ಜೊತೆಗಿದ್ದ ಸಂಗ್ರಹ ಸುಟ್ಟಿತು.

ಮುಂದಿನ ಪ್ರವಾಸ ಮಲಯ ದ್ವೀಪಸಮೂಹಕ್ಕೆ, 1854ರಿಂದ 1862. ಒಟ್ಟು 1,25,660 ಮಾದರಿಗಳು. 1856ರಲ್ಲಿ ಬಾಲಿಯಿಂದ ಲೊಂಬೊಕ್‌ಗೆ ದಾಟಿದಾಗ ಬಾಲಿಯಲ್ಲಿದ್ದ ಕುಟ್ರುಹಕ್ಕಿ ಈಚೆ ಇರಲಿಲ್ಲ, ಆಚೆ ಇಲ್ಲದ ಕಾಕಟೂ ಗಿಳಿಗಳು ಇಲ್ಲಿದ್ದವು. ನಡುವಿನ ಜಲಸಂಧಿ 35 ಕಿ.ಮೀ. ಆಸುಪಾಸು. ಏಷ್ಯಾ-ಆಸ್ಟ್ರೇಲಿಯಾ ಪ್ರಾಣಿಗಳ ನಡುವೆ ಇಂದು ವಾಲೆಸ್ ರೇಖೆ ಎಂದು ಎಳೆಯುವ ಗಡಿ ಇಲ್ಲಿಂದ ಶುರು.

ಒಂದು ಕಡೆ ಜಾರುತ್ತೀರಿ. 1869ರ ‘ಮಲಯ ಆರ್ಚಿಪೆಲಗೊ’ ದಿನಚರಿಯ ಕ್ರಮದಲ್ಲಿ ಇಲ್ಲ. ಒಂದೇ ದ್ವೀಪಕ್ಕೆ ಬೇರೆ ಬೇರೆ ವರ್ಷ ಹೋಗಿದ್ದನ್ನು ಒಟ್ಟುಮಾಡಿ, ದ್ವೀಪಗುಂಪುಗಳ ಪ್ರಕಾರ ಅಧ್ಯಾಯ ಕಟ್ಟಿದ್ದಾನೆ. ಪುಟದ ಕ್ರಮವನ್ನೇ ಕಾಲಕ್ರಮ ಎಂದುಕೊಂಡು ಋತುಮಾನದ ಪಟ್ಟಿ ಮಾಡಿದರೆ ಎಲ್ಲ ತಲೆಕೆಳಗು.

ಮಾಂಡೋವಿ ದಂಡೆ

ಪಣಜಿಯಿಂದ ಎರಡು ಮಾತು.

ಹಂಬೋಲ್ಟ್‌ನ ಆ 1807ರ ಚಿತ್ರವನ್ನು ನೇರ ದತ್ತಾಂಶವಾಗಿ ಬಳಸಿದಾಗ ಏನಾಯಿತು ಎಂಬುದನ್ನೂ ಬಳಗಕ್ಕೆ ಹೇಳಿ. ಒಂದು ತಂಡ 2012ರಲ್ಲಿ ಚಿಂಬೊರಾಸೊ ಹತ್ತಿ, ಚಿತ್ರದಲ್ಲಿನ ಎತ್ತರಗಳೊಂದಿಗೆ ಹೋಲಿಸಿ, 2015ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಸಸ್ಯವಲಯಗಳು ಸುಮಾರು 210 ವರ್ಷಗಳಲ್ಲಿ 500 ಮೀಟರಿಗೂ ಹೆಚ್ಚು ಮೇಲೆ ಸರಿದಿವೆ ಎಂದಿತು. 2019ರಲ್ಲಿ ಇನ್ನೊಂದು ತಂಡ ಹಂಬೋಲ್ಟ್‌ನ ಕೈಬರಹ, ಮಾದರಿಗಳನ್ನು ಹಿಡಿದು ಪರಿಶೀಲಿಸಿತು. ಚಿತ್ರದ ಮೇಲ್ಭಾಗದ ಗಿಡಗಳಲ್ಲಿ ಬಹುಪಾಲು ಸಂಗ್ರಹವಾದದ್ದು ಅಂಟಿಸಾನಾ ಎಂಬ ಬೇರೆ ಬೆಟ್ಟದಲ್ಲಿ! ಆ ಬೆಟ್ಟದಲ್ಲೇ ಅಳೆದಾಗ ಏರಿಕೆ 215ರಿಂದ 266 ಮೀಟರ್. ಹಂಬೋಲ್ಟ್ ಮೋಸ ಮಾಡಿರಲಿಲ್ಲ. ಅವನ ಚಿತ್ರ ಉಷ್ಣವಲಯದ ಆಂಡೀಸ್‌ನ ಒಟ್ಟು ಸಾರ, ಚಿಂಬೊರಾಸೊ ಅದಕ್ಕೆ ಚೌಕಟ್ಟು. ಅದನ್ನು ಒಂದೇ ಬೆಟ್ಟದ ದಾಖಲೆ ಎಂದು ಓದಿದ್ದು ಎಡವಟ್ಟಾಯಿತು. ಗಿಡಗಳು ಮೇಲೆ ಸರಿದಿದ್ದು ಎರಡೂ ಲೆಕ್ಕದಲ್ಲಿ ನಿಜ, ಎಷ್ಟು ಎಂಬುದು ಅರ್ಧಕ್ಕಿಳಿಯಿತು.

ಇನ್ನೊಂದು, ಗೋವಾದ್ದೇ. ಹಂಬೋಲ್ಟ್‌ಗಿಂತ ಎರಡು ಶತಮಾನಕ್ಕೂ ಮೊದಲು, 1563ರಲ್ಲಿ, ವೈದ್ಯ ಗಾರ್ಸಿಯಾ ಡ ಒರ್ತಾ ಇಲ್ಲಿನ ಮದ್ದಿನ ಗಿಡ, ಮಸಾಲೆಗಳ ಬಗ್ಗೆ ಬರೆದ ಸಂವಾದಗಳು ಹಳೇ ಗೋವಾದಲ್ಲೇ ಅಚ್ಚಾದವು. ಪುಸ್ತಕದಲ್ಲಿ ರುವಾನೊ ಎಂಬ ಪಾತ್ರ ಗ್ರೀಕ್-ಲ್ಯಾಟಿನ್ ಗ್ರಂಥಗಳ ಮಾತನ್ನು ಎತ್ತುತ್ತಾನೆ, ಒರ್ತಾ ತಾನು ಕಂಡದ್ದನ್ನೂ ಇಲ್ಲಿನ ವೈದ್ಯರು, ವ್ಯಾಪಾರಿಗಳು ಹೇಳಿದ್ದನ್ನೂ ಮುಂದಿಡುತ್ತಾನೆ. 1567ರಲ್ಲಿ ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್ ಆಂಟ್‌ವರ್ಪ್‌ನಲ್ಲಿ ಅದನ್ನು ಲ್ಯಾಟಿನ್‌ಗೆ ಸಂಗ್ರಹಿಸಿದಾಗ ಸಂವಾದ ಹೋಯಿತು, ವಿಷಯವಾರು ಟಿಪ್ಪಣಿ ಉಳಿಯಿತು. ಯುರೋಪ್ ಬಹುಕಾಲ ಓದಿದ್ದು ಇದನ್ನೇ. ಯಾರು ಕಂಡದ್ದು, ಯಾರು ಕೇಳಿದ್ದು ಎಂಬ ಎಳೆ ಇಂಥ ಸಂಗ್ರಹಗಳಲ್ಲಿ ಮೊದಲು ಕಡಿದುಹೋಗುತ್ತದೆ. ಆದ್ದರಿಂದ ಒರ್ತಾನನ್ನು ಓದುವುದಾದರೆ 1913ರ ಮಾರ್ಕಮ್ ಇಂಗ್ಲಿಷ್ ಅನುವಾದ ಹಿಡಿಯಿರಿ, ಅದರಲ್ಲಿ ಮಾತುಕತೆ ಹಾಗೇ ಇದೆ. 1582ಕ್ಕೆ ಹಿಂದಿನ ತಾರೀಕುಗಳು ಹಳೆಯ ಜೂಲಿಯನ್ ಪಂಚಾಂಗದವು. ಹೂ-ಕಾಯಿ ಬಿಡುವ ಕಾಲ ಹೋಲಿಸುವಾಗ 10 ದಿನ ಕೂಡಿಸಿಕೊಳ್ಳಬೇಕು.

ಮಾಟುಂಗದ ಓದುಗ

ಅಂಟಿಸಾನಾ ವಿಷಯ ಗೊತ್ತೇ ಇರಲಿಲ್ಲ. ಇದನ್ನು ಖಂಡಿತ ಸೇರಿಸುತ್ತೇನೆ, ಮೂವರಿಗೂ ಧನ್ಯವಾದ. ಸಿಂಹಗಡದಲ್ಲಿ ಎತ್ತರ ಅಳೆಯಲು ಮೊಬೈಲ್ ಸಾಕೇ? ಬುಕಾನನ್ ಪುಸ್ತಕದಿಂದ ಮಾಹಿತಿ ತೆಗೆಯುವ ಕ್ರಮವನ್ನೂ ಯಾರಾದರೂ ಹೇಳಿದರೆ ಉಪಕಾರ.

ಘಟ್ಟದ ದಾರಿ

ಸರ್, ಮೊಬೈಲ್ ಸಾಕು, ಆದರೆ ಅದರ ಎರಡು ಸುಳ್ಳುಗಳನ್ನು ತಿಳಿದು ಬಳಸಬೇಕು.

ಮೊದಲನೆಯದು ಜಿಪಿಎಸ್. ಕೆಲವು ಆ್ಯಪ್‌ಗಳು ಸಮುದ್ರ ಮಟ್ಟದಿಂದ ಎತ್ತರ ಕೊಡದೆ ಭೂಮಿಯ ಆಕಾರಕ್ಕೆ ಹೊಂದಿಸಿದ ಗಣಿತದ ದೀರ್ಘಗೋಳದಿಂದ ಎತ್ತರ ಕೊಡುತ್ತವೆ. ನಮ್ಮ ಕಡೆ ಇವೆರಡರ ವ್ಯತ್ಯಾಸ ಸುಮಾರು 60 ಮೀಟರ್, ಹಾಗಾಗಿ ಸಿಂಹಗಡ ಅಷ್ಟು ಕುಳ್ಳಾಗಿ ಕಾಣುತ್ತದೆ. ಸಮುದ್ರತೀರಕ್ಕೆ ಹೋಗಿ ಆ್ಯಪ್ ತೆರೆದು ನೋಡಿ. ಮರೀನ್ ಡ್ರೈವ್‌ನಲ್ಲಿ ಮೈನಸ್ 60ರ ಆಸುಪಾಸು ತೋರಿಸಿದರೆ ನಿಮ್ಮದು ಅಂಥ ಆ್ಯಪ್.

ಎರಡನೆಯದು ಫೋನಿನೊಳಗಿನ ವಾಯುಭಾರಮಾಪಕ. ಎಲ್ಲ ಫೋನ್‌ಗಳಲ್ಲಿ ಇರುವುದಿಲ್ಲ. ಇದ್ದರೆ ಸಣ್ಣ ಏರಿಳಿತ ಹಿಡಿಯಲು ಜಿಪಿಎಸ್‌ಗಿಂತ ಮೇಲು. ಆದರೆ ನಮ್ಮ ಅಕ್ಷಾಂಶದಲ್ಲಿ ವಾಯುಭಾರ ದಿನವೂ ಬೆಳಿಗ್ಗೆ 10ರ ಹೊತ್ತಿಗೆ ಏರಿ ಸಂಜೆ 4ರ ಹೊತ್ತಿಗೆ 2-3 ಹೆಕ್ಟೊಪಾಸ್ಕಲ್ (ವಾಯುಭಾರದ ಅಳತೆ) ಇಳಿಯುತ್ತದೆ. ಉಷ್ಣವಲಯದ ಈ ದಿನದ ಏರಿಳಿತ ಎಷ್ಟು ನಿಯಮಿತ ಎಂಬುದನ್ನು ದಕ್ಷಿಣ ಅಮೆರಿಕದಲ್ಲಿ ಬಿಡದೆ ದಾಖಲಿಸಿದವನು ಹಂಬೋಲ್ಟ್. ಸಿಂಹಗಡದ ಮಟ್ಟದಲ್ಲಿ 1 ಹೆಕ್ಟೊಪಾಸ್ಕಲ್ ಎಂದರೆ 9 ಮೀಟರಿಗಿಂತ ತುಸು ಹೆಚ್ಚು. ಬೆಳಿಗ್ಗೆ 10ಕ್ಕೆ ಬುಡದಲ್ಲಿ ಹೊಂದಿಸಿ ಸಂಜೆವರೆಗೆ ಹಾಗೇ ಬಿಟ್ಟರೆ ಕೂತಲ್ಲೇ 20-25 ಮೀಟರ್ ‘ಏರಿ’ರುತ್ತೀರಿ. ಪರಿಹಾರ ಸರಳ. ಒಬ್ಬರು ಗಡದ ಬುಡದ ಆತ್ಕರವಾಡಿಯಲ್ಲಿ ಕೂತು ಪ್ರತಿ 15 ನಿಮಿಷಕ್ಕೆ ವಾಯುಭಾರ ಬರೆಯಲಿ, ಹತ್ತುವವರು ಗಂಟೆ-ನಿಮಿಷದ ಸಮೇತ ಬರೆಯಲಿ, ಮನೆಗೆ ಬಂದು ಒಂದರಿಂದ ಒಂದು ಕಳೆಯಿರಿ. ಹೊರಡುವ ಮೊದಲು ಎರಡೂ ಫೋನ್‌ಗಳನ್ನು ಒಂದೇ ಕಲ್ಲಿನ ಮೇಲಿಟ್ಟು ಅವುಗಳ ನಡುವಿನ ವ್ಯತ್ಯಾಸ ಬರೆದುಕೊಳ್ಳುವುದನ್ನು ಮರೆಯಬೇಡಿ.

ಗಡದ ನೆತ್ತಿ 1,312 ಮೀಟರ್. ಪ್ರತಿ 100 ಮೀಟರ್ ಏರಿಕೆಗೆ ಒಂದು ನಿಲ್ದಾಣ ಇಟ್ಟುಕೊಳ್ಳಿ. ಪ್ರತಿ ನಿಲ್ದಾಣದಲ್ಲಿ ದಾರಿಯಿಂದ ಹತ್ತು ಹೆಜ್ಜೆ ಒಳಗೆ 5 ಮೀಟರ್ ಹಗ್ಗವನ್ನು ತ್ರಿಜ್ಯವಾಗಿ ಹಿಡಿದು ಆ ವೃತ್ತದೊಳಗಿನ ಎಲ್ಲ ಗಿಡ ಬರೆಯಿರಿ. ದಾರಿಯಂಚಿನಲ್ಲೇ ಬರೆದರೆ ಜನರ ಕಾಲಿಗಂಟಿ ಬಂದ ಕಳೆಗಳೇ ಪಟ್ಟಿ ತುಂಬುತ್ತವೆ. ಇಳಿಜಾರು ಯಾವ ದಿಕ್ಕಿಗೆ, ಬಂಡೆಯೋ ಮಣ್ಣೋ, ಬೆಂಕಿಯ ಅಥವಾ ಮೇವಿನ ಗುರುತಿದೆಯೋ ಎಂಬುದನ್ನೂ ಸೇರಿಸಿ. ಪಡುವಣ ಗಾಳಿಗೆ ಮುಖ ಮಾಡಿದ ಮೈಯಲ್ಲೂ ಅದರ ಬೆನ್ನಲ್ಲೂ ಒಂದೇ ಎತ್ತರಕ್ಕೆ ಬೇರೆ ಗಿಡಗಳಿರುತ್ತವೆ, ಎತ್ತರವೊಂದನ್ನೇ ದೂರಿದರೆ ತಪ್ಪು. ಒಂದು ಗಿಡಕ್ಕೆ ನಾಲ್ಕು ಫೋಟೊ: ಇಡೀ ಗಿಡ, ಎಲೆಯ ಹಿಂಬದಿ, ಹೂವನ್ನು ಬದಿಯಿಂದ, ಎಲೆ ಕಾಂಡಕ್ಕೆ ಕೂಡುವ ಜಾಗ. ಮೇಲಿನಿಂದ ತೆಗೆದ ಹೂವಿನ ಚಂದದ ಫೋಟೊ ಒಂದೇ ಇದ್ದರೆ ಗುರುತಿಸುವವರು ಕೈಚೆಲ್ಲುತ್ತಾರೆ. ಕೀಳಬೇಡಿ, ಅರಣ್ಯ ಇಲಾಖೆಯ ಅನುಮತಿ ಬೇಕು.

ಇನ್ನು ಬುಕಾನನ್. 1800-01ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟು ಮೈಸೂರು, ಮಲಬಾರ್, ಕೆನರಾ ಸುತ್ತಿದ. 1807ರಲ್ಲಿ ಮೂರು ಸಂಪುಟಗಳು ಬಂದವು. ಕಾರವಾರದ ಕಡೆಯಿಂದ ಘಟ್ಟ ಹತ್ತಿ ಸೋಂದಾ, ಶಿರಸಿ, ಬನವಾಸಿ ದಾಟಿದ ಭಾಗ ನಮ್ಮ ಓದುಗರಿಗೆ ಬಹಳ ಹತ್ತಿರ. ಅಡಿಕೆ ತೋಟ, ಮೆಣಸು, ಏಲಕ್ಕಿ ಬೆಳೆಯುವ ಕ್ರಮ ವಿವರವಾಗಿದೆ. ಆದರೆ ಅವನಿಗೆ ಒಪ್ಪಿಸಿದ ಕೆಲಸ ಮುಖ್ಯವಾಗಿ ಬೇಸಾಯ, ವ್ಯಾಪಾರಗಳ ವರದಿ. ದಾರಿಯುದ್ದಕ್ಕೆ ಕಂಡದ್ದನ್ನು ಬರೆದ, ಒಳಕಾಡಿನದು ಕಡಿಮೆ. ಕೆನರಾದಲ್ಲಿ ಇದ್ದದ್ದು ಮಳೆಯಿಲ್ಲದ ತಿಂಗಳುಗಳಲ್ಲಿ, ಮಳೆಗಾಲದಲ್ಲಿ ಮಾತ್ರ ತಲೆಯೆತ್ತುವ ಸಣ್ಣ ಗಿಡಗಳು ಅವನ ಕಣ್ಣಿಗೆ ಬೀಳುವಂತೆಯೇ ಇರಲಿಲ್ಲ. ಆದ್ದರಿಂದ ಅವನು ಬರೆದಿಲ್ಲ ಎಂದರೆ ಆ ಗಿಡ ಆಗ ಇರಲಿಲ್ಲ ಎಂದು ಅರ್ಥ ಮಾಡಬಾರದು. ನಿಮ್ಮ ಬೊರಿವಲಿ ಕಾಡಿನ ಕಾರ್ವಿಯನ್ನೇ ನೋಡಿ, 2016ರಲ್ಲಿ ಸಾಮೂಹಿಕವಾಗಿ ಹೂ ಬಿಟ್ಟದ್ದು ಮತ್ತೆ 2024ರಲ್ಲಿ. ನಡುವಿನ ವರ್ಷ ಬಂದ ಪ್ರವಾಸಿ ಬೆಟ್ಟ ನೇರಳೆಯಾದದ್ದನ್ನು ಬರೆಯಲು ಸಾಧ್ಯವೇ ಇಲ್ಲ.

ಸ್ಪ್ರೆಡ್‌ಶೀಟ್ ಹೀಗೆ ಮಾಡಿ. ಮೊದಲ ಕಾಲಂನಲ್ಲಿ ಮೂಲದ ಸಾಲು ಇದ್ದಂತೆಯೇ, ಪಕ್ಕದಲ್ಲಿ ಮುದ್ರಣ, ಸಂಪುಟ, ಪುಟ. ಆಮೇಲೆ ಊರಿನ ಹೆಸರು ಅವನು ಬರೆದಂತೆ, ಇಂದಿನ ಹೆಸರು ಬೇರೆ ಕಾಲಂನಲ್ಲಿ. ಗಿಡದ ಹೆಸರಿಗೂ ಹೀಗೆಯೇ ಎರಡು. ಮೂಲದ ಮೇಲೆ ಎಂದೂ ತಿದ್ದಬೇಡಿ, ನಾಳೆ ನಿಮ್ಮ ಗುರುತು ತಪ್ಪೆಂದು ಗೊತ್ತಾದರೆ ಹಿಂದಿರುಗಲು ದಾರಿ ಬೇಕು. ಕೊನೆಗೆ ನಂಬಿಕೆಯ ದರ್ಜೆ: ಮಾದರಿ ಉಳಿದಿದೆ, ಕಣ್ಣಾರೆ ಕಂಡದ್ದು, ಊರವರು ಹೇಳಿದ್ದು, ಬೇರೆ ಪುಸ್ತಕದಿಂದ ಎತ್ತಿದ್ದು. ಹೋಲಿಕೆಗೆ ಮೊದಲೆರಡನ್ನೇ ಬಳಸಿ.

ಅಳತೆಗಳಲ್ಲಿ ಜಾಗ್ರತೆ. ಫ್ರೆಂಚ್ ಬರಹಗಳಲ್ಲಿ ಬರುವ ಹಳೆಯ ಉದ್ದದ ಅಳತೆ ತ್ವಾಜ್ 1.949 ಮೀಟರ್. ಪ್ಯಾರಿಸ್ ಅಡಿ 32.48 ಸೆಂ.ಮೀ., ಇಂಗ್ಲಿಷ್ ಅಡಿ 30.48. ಒಂದನ್ನು ಇನ್ನೊಂದೆಂದು ತಿಳಿದರೆ ಸಿಂಹಗಡದಷ್ಟು ಬೆಟ್ಟದಲ್ಲಿ 80 ಮೀಟರಿಗೂ ಮೀರಿದ ತಪ್ಪು. ರೇಮರ್ ಉಷ್ಣತೆ ಕಂಡರೆ 1.25ರಿಂದ ಗುಣಿಸಿ, ಸೆಲ್ಸಿಯಸ್ ಸಿಗುತ್ತದೆ.

ಸೈಕ್ಸ್ ಬೇರೆ ಬಗೆ. 1820ರ ದಶಕದಲ್ಲಿ ಪುಣೆಯ ಸುತ್ತ ಸರ್ಕಾರದ ಅಂಕಿಅಂಶ ಅಧಿಕಾರಿಯಾಗಿ ತಿರುಗಿ, 1831-32ರಲ್ಲಿ ದಖ್ಖನ್ನಿನ ಪ್ರಾಣಿ, ಹಕ್ಕಿಗಳ ಪಟ್ಟಿ ಪ್ರಕಟಿಸಿದ. ಕಥನ ಕಡಿಮೆ, ಪಟ್ಟಿ ಹೆಚ್ಚು. ಅವನ ‘ದುಖುನ್’ ಎಂದರೆ ಘಟ್ಟದ ಮೇಲಿನ ಬಯಲು, ಕೊಂಕಣವನ್ನು ಅದರಲ್ಲಿ ಸೇರಿಸಬೇಡಿ. ಅವನು ಕ್ಯಾನಿಸ್ ದುಖುನೆನ್ಸಿಸ್ ಎಂದು ಕರೆದದ್ದು ನಮ್ಮ ಕೆನ್ನಾಯಿ, ಇಂದಿನ ಹೆಸರು ಕ್ಯುವಾನ್ ಆಲ್ಪೈನಸ್.

ಹರ್ಬೇರಿಯಂ_ಪುಣೆ

‘ಘಟ್ಟದ ದಾರಿ’ಯವರ ಪಟ್ಟಿಗೆ ಒಂದು ಕಾಲಂ ಹೆಚ್ಚಿಸಿ: ಗುರುತಿಸಿದವರು ಯಾರು, ಯಾವ ದಿನ. ಗಿಡದ ಗುರುತು ಕಾಲಕಾಲಕ್ಕೆ ಬದಲಾಗುತ್ತದೆ, ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ) ಹಾಳೆಯ ಮೇಲೆ ಹಳೆಯ ಚೀಟಿ ಕಿತ್ತೆಸೆಯದೆ ಹೊಸದನ್ನು ಪಕ್ಕದಲ್ಲಿ ಅಂಟಿಸುವುದು ಅದಕ್ಕೇ.

ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ, ಇಂಟರ್‌ನೆಟ್ ಆರ್ಕೈವ್‌ಗಳಲ್ಲಿ ಉಚಿತ. 1886ರಿಂದ ಬರುತ್ತಿರುವ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯ ಹಳೆಯ ಸಂಚಿಕೆಗಳೂ ಸಿಗುತ್ತವೆ. ಯಂತ್ರ ಓದಿ ಕೊಟ್ಟ ಪಠ್ಯವನ್ನು ನಂಬಿ ನಕಲಿಸಬೇಡಿ. ಕೋಷ್ಟಕದ ಕಾಲಂಗಳು ಒಂದರೊಳಗೊಂದು ನುಗ್ಗುತ್ತವೆ, 3 ಮತ್ತು 8 ಅದಲುಬದಲಾಗುತ್ತವೆ, ಊರಿನ ಹೆಸರು ಹುಡುಕಿದರೆ ಸಿಗುವುದಿಲ್ಲ. ಹಿಂದಿನ ಎಸ್ ಅಕ್ಷರ ಉದ್ದವಾಗಿದ್ದ ಮುದ್ರಣಗಳಲ್ಲಿ ಅದನ್ನು ಯಂತ್ರ ಎಫ್ ಎಂದು ಓದುತ್ತದೆ. ಪುಟದ ಚಿತ್ರ ತೆರೆದು ಕಣ್ಣಿನಿಂದಲೇ ಓದಿ.

ಮುಂಬೈಯಲ್ಲಿ ಗಿಡ ಹೋಲಿಸಲು ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲಾಟರ್ ಹರ್ಬೇರಿಯಂ ಇದೆ, ಪುಣೆಯಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ಕೇಂದ್ರ. ಎರಡಕ್ಕೂ ಮುಂಚೆಯೇ ಪತ್ರ ಬರೆದು, ಯಾವ ಕುಲದ ಹಾಳೆಗಳು ಬೇಕು ಎಂದು ನಿರ್ದಿಷ್ಟವಾಗಿ ಕೇಳಿ. ‘ಸಿಂಹಗಡದ ಎಲ್ಲ ಗಿಡ ತೋರಿಸಿ’ ಎಂದರೆ ಆಗದು, ಹಾಳೆಗಳನ್ನು ಜೋಡಿಸಿರುವುದು ಕುಟುಂಬ, ಕುಲಗಳ ಪ್ರಕಾರವೇ ಹೊರತು ಊರಿನ ಪ್ರಕಾರ ಅಲ್ಲ.

ಡೊಂಬಿವಲಿ ರೆಕ್ಕೆಪುಕ್ಕ

ತಾರೀಕಿನ ಬಗ್ಗೆ ಒಂದು ಸಲಹೆ. ಗಡ ಹತ್ತುವುದನ್ನು ಸೆಪ್ಟೆಂಬರ್ ಕೊನೆಯ ವಾರಕ್ಕೆ ಇಟ್ಟುಕೊಳ್ಳಿ. ಅಕ್ಟೋಬರ್ ನಡುವಿಗೆ ಮೇಲಿನ ಬಂಡೆಹಾಸಿನ ಮಣ್ಣು ಒಣಗಿ ಸಣ್ಣ ಗಿಡಗಳು ಕಾಣೆಯಾಗುತ್ತವೆ, ಆಗ ಮೇಲಿನ ನಿಲ್ದಾಣಗಳ ಪಟ್ಟಿ ಮಾತ್ರ ಚಿಕ್ಕದಾಗಿ, ಎತ್ತರ ಏರಿದಂತೆ ಪ್ರಭೇದ ಕಡಿಮೆ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಒಂದೇ ದಿನದಲ್ಲಿ ಎಲ್ಲ ನಿಲ್ದಾಣ ಮುಗಿಯದಿದ್ದರೆ ಮರುದಿನವೇ ಮುಗಿಸಿ, ಮುಂದಿನ ವಾರಕ್ಕೆ ತಳ್ಳಬೇಡಿ.